ಕೈ ಬಿಡಬೇಡಿ

ಪೀಣ್ಯದ ಕಡೆ ಪಾಠ ಮಾಡುವ ನಮ್ಮಂಥವರಿಗೆ ಹಾಜರಿ ಪುಸ್ತಕವೇ ಪಂಚಾಂಗ. ಯಾವ ಸೀಮೆಯಲ್ಲಿ ಯಾವ ಜಾತ್ರೆ, ಯಾವ ಹಬ್ಬ ಎನ್ನುವುದು ಗೈರುಹಾಜರಿಯಿಂದಲೇ ತಿಳಿದುಬಿಡುತ್ತದೆ. ಲೇತು, ಪ್ರೆಸ್ಸು, ಗಾರ್ಮೆಂಟ್ಸು ಎಂದು ಹೊಟ್ಟೆಪಾಡಿಗೆ ಬಂದವರ ಮಕ್ಕಳು. ಒಂದು ವಾರ ಕುಣಿಗಲ್ ಕಡೆಯವರ ಬೆಂಚು ಖಾಲಿ, ಇನ್ನೊಂದು ವಾರ ಕಲಬುರಗಿ ಕಡೆಯವರದು. ಇಷ್ಟೆಲ್ಲ ಬಲ್ಲ ನನಗೆ ಬಹುಕಾಲ ಬಿಡಿಸಲಾಗದ ಒಗಟೊಂದಿತ್ತು. ಮೊಹರಂ ಬಂತೆಂದರೆ ಮುಸ್ಲಿಂ ಮಕ್ಕಳು ಒಂದು ದಿನದ ರಜೆ ಮುಗಿಸಿ ಮಾರನೆಯ ದಿನ ತರಗತಿಯಲ್ಲಿ ಇರುತ್ತಿದ್ದರು. ರಾಯಚೂರು, ಕೊಪ್ಪಳದ ಹಿಂದೂ ಮಕ್ಕಳು ಮಾತ್ರ ವಾರಗಟ್ಟಲೆ ನಾಪತ್ತೆ!

2024ರ ಜುಲೈ ತಿಂಗಳಲ್ಲಿ ಒಂಬತ್ತನೇ ತರಗತಿಯ ಒಬ್ಬ ಹುಡುಗ ರಜಾ ಚೀಟಿ ತಂದ. ಲಿಂಗಸುಗೂರು ತಾಲ್ಲೂಕಿನವನು. ಕಾರಣ ಬರೆಯುವಲ್ಲಿ 'ಅಲಾಯಿ ದೇವರ ಹಬ್ಬ' ಎಂದಿತ್ತು. ತಂದೆಯ ಹೆಸರು ಹುಸೇನಪ್ಪ. ಈ ಹೆಸರು ನೋಡಿ ನಮ್ಮ ಶಾಲೆಯಲ್ಲಿ ಅವನನ್ನು ಒಂದು ವರ್ಷ ಅಲ್ಪಸಂಖ್ಯಾತರ ಪಟ್ಟಿಗೆ ಸೇರಿಸಿ, ಮರುವರ್ಷ ಯಾರೋ ಜಾತಿ ಕಾಲಂ ನೋಡಿ ಹೊಡೆದು ಹಾಕಿದ್ದರು. ಅವನ ತಾಯಿಯನ್ನು ಕೇಳಿದರೆ ಆಕೆ ನಕ್ಕುಬಿಟ್ಟಳು. "ನಮ್ಮ ಕಡೀಗೆ ಹುಸೇನಪ್ಪ, ಫಕೀರಪ್ಪ, ಮೌಲಪ್ಪ ಅಂತ ಓಣಿಗಿಬ್ಬರು ಅದಾರ್ರೀ ಅಕ್ಕಾರ. ಮಕ್ಕಳು ಉಳೀಲಿಲ್ಲಂದ್ರ ಅಲಾಯಿ ದೇವ್ರಿಗೆ ಹರಕಿ ಹೊರ್ತೀವಿ. ಉಳಿದ ಕೂಸಿಗೆ ಆ ದೇವ್ರ ಹೆಸರ ಇಡೋದು."

ಹುಡುಗ ಹಬ್ಬ ಮುಗಿಸಿ ಬಂದ. ಮಣಿಕಟ್ಟಿಗೆ ಕೆಂಪು ಲಾಡಿ ದಾರ. ನನ್ನ ಗ್ರಹಚಾರಕ್ಕೆ ಆ ವಾರವೇ ಇಸ್ಲಾಂ ಧರ್ಮದ ಪಾಠ ಬಂತು. ನಾನು ಆ ಪಾಠವನ್ನು ಕಾಲು ಶತಮಾನದಿಂದ ಒಂದೇ ರೀತಿಯಲ್ಲಿ ಮಾಡಿಕೊಂಡು ಬಂದವಳು. ಪ್ರವಾದಿ ಮುಹಮ್ಮದರು 632ರಲ್ಲಿ ಮದೀನಾದಲ್ಲಿ ತೀರಿಕೊಂಡರು, ಅನಂತರ ನಾಲ್ವರು ಖಲೀಫರು, ಅಬೂಬಕರ್, ಉಮರ್, ಉಸ್ಮಾನ್, ಅಲಿ, ಬರೆದುಕೊಳ್ಳಿ. ಎರಡು ಅಂಕದ ಪ್ರಶ್ನೆ. ಬೋರ್ಡಿನ ಮೇಲೆ ಒಂದು, ಎರಡು, ಮೂರು, ನಾಲ್ಕು ಎಂದು ಹಾಕಿ ಸೀಮೆಸುಣ್ಣ ಕೆಳಗಿಡುವಷ್ಟರಲ್ಲಿ ಆ ಹುಡುಗ ಎದ್ದು ನಿಂತ.

"ಮಿಸ್, ಮೌಲಾಲಿ ದೇವ್ರು ಅಂದ್ರ ಇವ್ರೇ ಏನ್ರಿ? ನಾಕನೇದಾಗ ಯಾಕ ಬರದೀರಿ? ಮನೀ ಅಳಿಯನ್ನ ಬಿಟ್ಟು ಮೊದಲ ಬ್ಯಾರೇದವ್ರಿಗೆ ಯಾಕ ಕೊಟ್ರು?"

ಮುಂದಿನ ಬೆಂಚಿನ ಮುಸ್ಲಿಂ ಹುಡುಗಿಯರಿಬ್ಬರು ತಿರುಗಿ ಅವನ ಮುಖ ನೋಡಿದರು. ನಾನು ಹೇಳಿದ ಉತ್ತರ ಕೇಳಿ: "ಅದು ಪರೀಕ್ಷೆಗೆ ಬರಲ್ಲ, ಕೂತ್ಕೊ."

ಅವನೇನೋ ಕೂತ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಗೊತ್ತಿಲ್ಲದ್ದಕ್ಕಲ್ಲ, ಗೊತ್ತಿಲ್ಲದ್ದು ನಮ್ಮ ಕೆಲಸದಲ್ಲಿ ದಿನವೂ ಇರುತ್ತದೆ. ಆ ಪ್ರಶ್ನೆಯನ್ನು ನಮ್ಮ ತವರಿನ ಜಗಲಿಯ ಮೇಲೆ ಒಮ್ಮೆ ಕೇಳಿದ್ದೆ. ಆಗಲೂ ಹೀಗೆಯೇ ನುಣುಚಿಕೊಂಡಿದ್ದೆ.

ಲೈಬ್ರರಿಯಿಂದ ಪುಸ್ತಕ ತಂದು ಓದತೊಡಗಿದೆ. ನಮ್ಮ ಶಾಲೆಯ ಗಣಿತದ ಟೀಚರು ಮುಸ್ಲಿಮರು, ಸುನ್ನಿಗಳು. ಅರ್ಥವಾಗದ್ದನ್ನು ಊಟದ ಬಿಡುವಿನಲ್ಲಿ ಅವರನ್ನು ಕೇಳುತ್ತಿದ್ದೆ.

ಪ್ರವಾದಿಗಳಿಗೆ ಬದುಕಿ ಉಳಿದ ಗಂಡುಮಕ್ಕಳಿರಲಿಲ್ಲ. ಮಗಳು ಫಾತಿಮಾ; ಆಕೆಯ ಗಂಡ ಅಲಿ, ಪ್ರವಾದಿಗಳ ದೊಡ್ಡಪ್ಪನ ಮಗನೂ ಹೌದು, ಅವರ ಮನೆಯಲ್ಲೇ ಬೆಳೆದವರು. ತೀರಿಕೊಳ್ಳುವ ಮೂರು ತಿಂಗಳ ಮುಂಚೆ, ಕೊನೆಯ ಹಜ್ ಮುಗಿಸಿ ಬರುವಾಗ ಗದೀರ್ ಖುಮ್ ಎಂಬಲ್ಲಿ ಪ್ರವಾದಿಗಳು ಎಲ್ಲರನ್ನೂ ನಿಲ್ಲಿಸಿ, ಅಲಿಯ ಕೈ ಹಿಡಿದೆತ್ತಿ, ನಾನು ಯಾರಿಗೆ ಮೌಲಾನೋ ಇವನೂ ಅವರಿಗೆ ಮೌಲಾ ಎಂಬರ್ಥದ ಮಾತು ಆಡಿದರು. ಈ ಮಾತು ಆಡಿದರೆನ್ನುವುದನ್ನು ಸುನ್ನಿಗಳೂ ಶಿಯಾಗಳೂ ಒಪ್ಪುತ್ತಾರೆ. ತಕರಾರಿರುವುದು ಮೌಲಾ ಎಂಬ ಶಬ್ದದಲ್ಲಿ. ಅದಕ್ಕೆ ಒಡೆಯ ಎಂದೂ ಅರ್ಥ, ಆಪ್ತ ಎಂದೂ ಅರ್ಥ. ಒಡೆಯ ಎಂದರೆ ಪಟ್ಟ ಕಟ್ಟಿದ ಹಾಗೆ. ಆಪ್ತ ಎಂದರೆ ಇವನನ್ನು ಪ್ರೀತಿಯಿಂದ ನೋಡಿಕೊಳ್ಳಿ ಎಂದ ಹಾಗೆ.

ಪ್ರವಾದಿಗಳು ಕಣ್ಣು ಮುಚ್ಚಿದಾಗ ಅಲಿಯೂ ಮನೆಯ ಹತ್ತಿರದವರೂ ದೇಹದ ಬಳಿ ಇದ್ದರು. ಮೈ ತೊಳೆಯುವ, ಮಣ್ಣು ಮಾಡುವ ಕೆಲಸ ಅವರ ಪಾಲಿನದು. ಅತ್ತ ಬನೂ ಸಾಯಿದಾ ಎಂಬ ಮನೆತನದವರ ಚಪ್ಪರದಡಿ ಮದೀನಾದ ಜನ ಸೇರಿ, ಮುಂದಿನ ನಾಯಕ ಯಾರೆಂದು ಮಾತು ತೆಗೆದಿದ್ದರು. ಸುದ್ದಿ ಕೇಳಿ ಅಬೂಬಕರ್, ಉಮರ್ ಮತ್ತು ಅಬೂ ಉಬೈದಾ ಅಲ್ಲಿಗೆ ಧಾವಿಸಿದರು. ವಾದ ಬಿಸಿಯೇರಿತು. ಉಮರ್ ಅಬೂಬಕರರ ಕೈ ಹಿಡಿದು ನಿಷ್ಠೆಯ ಮಾತು ಕೊಟ್ಟರು, ಉಳಿದವರೂ ಕೊಟ್ಟರು. ಒಳಗಿದ್ದವರು ಹೊರಗೆ ಬರುವ ಹೊತ್ತಿಗೆ ಆಗುವುದೆಲ್ಲ ಆಗಿತ್ತು.

ಇದನ್ನು ಓದಿದಾಗ ಪುಸ್ತಕ ಮುಚ್ಚಿ ಅಡುಗೆಮನೆಗೆ ಹೋಗಿ ಸುಮ್ಮನೆ ನಿಂತೆ.

ನಮ್ಮ ತವರು ನೆಲಮಂಗಲದಾಚೆಯ ಹಳ್ಳಿ. ಅಪ್ಪ ಊರಿನ ಯಜಮಾನರು. ಯಜಮಾನಿಕೆ ಎಂದರೆ ಮಹಾರಾಜ್ಯವೇನಲ್ಲ. ಜಾತ್ರೆಯಲ್ಲಿ ಮೊದಲ ಆರತಿ, ತಲೆಗೊಂದು ಪೇಟ, ನ್ಯಾಯ ಪಂಚಾಯಿತಿಗೆ ಕೂತರೆ ಚಾಪೆಯ ನಡುವೆ ಜಾಗ. ಅಪ್ಪ ಕೊನೆಯ ಎರಡು ವರ್ಷ ಹಾಸಿಗೆ ಹಿಡಿದರು. ಪೀಣ್ಯದ ಕಾರ್ಖಾನೆಯಲ್ಲಿ ಲೇತಿನ ಮೇಲೆ ಕೆಲಸ ಮಾಡುತ್ತಿದ್ದ ತಮ್ಮ ಕೆಲಸ ಬಿಟ್ಟು ಹೋಗಿ, ಮಲಮೂತ್ರ ಸಹಿತ ಬಳಿದು ನೋಡಿಕೊಂಡ. ಅಣ್ಣ ಸರ್ಕಾರಿ ನೌಕರಿಯಲ್ಲಿದ್ದ, ತಿಂಗಳಿಗೊಮ್ಮೆ ಬಂದು ಹಣ ಕೊಟ್ಟು ಹೋಗುತ್ತಿದ್ದ. ಸಾಯುವ ಮುಂಚಿನ ಯುಗಾದಿಗೆ ನಾವೆಲ್ಲ ಸೇರಿದ್ದಾಗ ಅಪ್ಪ ತಮ್ಮನ ಕೈ ಹಿಡಿದುಕೊಂಡು, "ಇವನ ಕೈ ಬಿಡಬೇಡಿ" ಎಂದರು. ಎಲ್ಲರೂ ಕೇಳಿಸಿಕೊಂಡರು. ಅಷ್ಟರಲ್ಲಿ ಕರೆಂಟ್ ಹೋಗಿ ಮಕ್ಕಳು ಗಲಾಟೆ ಮಾಡಿದವು. ಆ ಗಲಾಟೆಯಲ್ಲಿ ಅಪ್ಪ ಇನ್ನೊಂದು ಮಾತು ಮೆಲ್ಲಗೆ ಹೇಳಿದರು: "ಪೇಟ ಇವನಿಗೇ ಇರಲಿ." ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ನನಗೆ ಅದು ಕೇಳಿಸಿತು.

ಅಪ್ಪ ಹೋದ ದಿನ ತಮ್ಮ ಒಳಗೆ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಅವರ ಮೈ ಒರೆಸುತ್ತಿದ್ದ. ಹೊರಗೆ ಜಗಲಿಯ ಮೇಲೆ ಮಾತು ಶುರುವಾಯಿತು. ಹಿರಿಮಗನಿಗೇ ಪೇಟ ಅಂದರು ಕೆಲವರು, ಅದು ವಾಡಿಕೆಯೂ ಹೌದು. ಅಣ್ಣಯ್ಯ ಚಿಕ್ಕವನ ಕೈ ಹಿಡಿದು ಏನೋ ಅಂದಿದ್ದರಲ್ಲ ಅಂದರು ಇನ್ನೊಬ್ಬರು. ಚಿಕ್ಕವನಿಗೆ ಕೆಲಸವಿಲ್ಲ, ಅವನನ್ನು ಅನಾಥ ಮಾಡಬೇಡಿ ಎಂದಷ್ಟೇ ಅದರ ಅರ್ಥ ಅಂದ ಅಣ್ಣ. ಚಿಕ್ಕಪ್ಪ ನನ್ನ ಕಡೆ ತಿರುಗಿದರು. "ನೀನು ಓದಿದೋಳು, ಅಲ್ಲೇ ನಿಂತಿದ್ದೆ. ಇನ್ನೇನಾದ್ರೂ ಅಂದ್ರಾ ನಿಮ್ಮಪ್ಪ?"

ಅಣ್ಣ ನನ್ನ ಮುಖ ನೋಡಿದ. ನನ್ನ ಬಿ.ಎಡ್. ಫೀಸು ಕಟ್ಟಿದವನು ಅವನೇ, ಮದುವೆಯ ಖರ್ಚಿನಲ್ಲಿ ಅರ್ಧ ಹೊತ್ತವನೂ ಅವನೇ. "ಅಷ್ಟೇ ಕೇಳಿಸಿದ್ದು" ಅಂದೆ.

ಮದೀನಾದ ಆ ದಿನದ ಪಕ್ಕದಲ್ಲಿ ನಮ್ಮ ಮನೆಯ ಜಗಳವನ್ನು ಇಡುವುದು ಉದ್ಧಟತನವೇ ಸರಿ. ಹೋಲಿಕೆಯೂ ಬಹಳ ದೂರ ಹೋಗುವುದಿಲ್ಲ. ಗಣಿತದ ಟೀಚರು ನನಗೆ ಅದನ್ನು ಬಿಡಿಸಿ ಹೇಳಿದರು. "ನೀವು ಚಪ್ಪರದ ಕೆಳಗಿದ್ದೋರು ಮೋಸ ಮಾಡಿದ್ರು ಅಂದ್ಕೋಬೇಡಿ ಮೇಡಂ. ಅವತ್ತು ಅವರು ಹೋಗದೇ ಇದ್ದಿದ್ರೆ ಮದೀನಾದವರು, ಮೆಕ್ಕಾದವರು ಅಂತ ಅವತ್ತೇ ಎರಡು ಹೋಳಾಗ್ತಿತ್ತು. ಅಬೂಬಕರ್ ಪ್ರವಾದಿಗಳ ಜೊತೆ ಕಷ್ಟದಲ್ಲಿ ಮೆಕ್ಕಾ ಬಿಟ್ಟು ಬಂದ ಗೆಳೆಯ. ಅಲಿಯವರೂ ಆಮೇಲೆ ಅವರನ್ನ ಒಪ್ಪಿಕೊಂಡ್ರು. ನಮ್ಮ ಮಸೀದೀಲಿ ಶುಕ್ರವಾರದ ಖುತ್ಬಾದಲ್ಲಿ ನಾಲ್ವರ ಹೆಸರನ್ನೂ ಗೌರವದಿಂದಲೇ ಹೇಳೋದು." ಅವರ ಮಾತಿನಲ್ಲಿ ನ್ಯಾಯವಿದೆ ಅನ್ನಿಸಿತು. ಶಿಯಾಗಳ ನೋವಿನಲ್ಲೂ ನ್ಯಾಯವಿದೆ ಅನ್ನಿಸಿತು. ಮೇಷ್ಟ್ರ ಕೆಲಸದಲ್ಲಿ ಇದೊಂದು ಕಷ್ಟ, ಎರಡು ಉತ್ತರಕ್ಕೂ ಅಂಕ ಕೊಡಬೇಕಾಗಿ ಬರುವುದು.

ತವರಿನ ಪಾಲು ಕೇಳಿ ಕೆಟ್ಟವಳಾದ ಹೆಣ್ಣುಮಕ್ಕಳು ನಮ್ಮಲ್ಲಿ ಎಷ್ಟಿಲ್ಲ! ಫಾತಿಮಾ ತಂದೆಯದಾಗಿದ್ದ ಫದಕ್ ಎಂಬ ತೋಟವನ್ನು ಕೇಳಿದಾಗ, ಪ್ರವಾದಿಗಳು ಬಿಟ್ಟುಹೋದದ್ದಕ್ಕೆ ವಾರಸುದಾರರಿರುವುದಿಲ್ಲ, ಅದು ಎಲ್ಲರಿಗೂ ಸೇರಿದ್ದು ಎಂದು ಅಬೂಬಕರ್ ಹೇಳಿದರು, ಪ್ರವಾದಿಗಳಿಂದಲೇ ಹಾಗೆ ಕೇಳಿದ್ದೇನೆ ಎಂದರು. ಕೆಲವೇ ತಿಂಗಳಲ್ಲಿ ಫಾತಿಮಾ ತೀರಿಕೊಂಡರು. ಇದನ್ನು ಯಾವ ಕಡೆಯವರು ಹೇಗೆ ವಿವರಿಸಿದರೂ ಆ ಕೆಲವು ತಿಂಗಳು ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಮುಂದಿನದು ಬಹಳ ರಕ್ತದ ಕಥೆ. ಉಮರ್ 644ರಲ್ಲಿ ಇರಿತಕ್ಕೆ ಬಲಿಯಾದರು. ಉಸ್ಮಾನರನ್ನು 656ರಲ್ಲಿ ದಂಗೆಕೋರರು ಮನೆಗೆ ನುಗ್ಗಿ ಕೊಂದರು. ಆಮೇಲೆ ಅಲಿಯ ಸರದಿ. ಇಪ್ಪತ್ತನಾಲ್ಕು ವರ್ಷ ಕಾದವರಿಗೆ ಸಿಕ್ಕಿದ್ದು ಐದು ವರ್ಷವೂ ಪೂರ್ತಿಯಿಲ್ಲದ, ಬರೀ ಯುದ್ಧದ ಆಳ್ವಿಕೆ. ಪ್ರವಾದಿಗಳ ಪತ್ನಿ ಆಯಿಷಾರೇ ಒಂಟೆಯ ಮೇಲೆ ಕೂತು ಎದುರು ಬಂದ ಯುದ್ಧವೂ ಅದರಲ್ಲಿ ಒಂದು. 661ರಲ್ಲಿ ಕೂಫಾದ ಮಸೀದಿಯಲ್ಲಿ ಅಲಿಯ ಮೇಲೆ ವಿಷದ ಕತ್ತಿ ಬಿತ್ತು. ಹಿರಿಮಗ ಹಸನ್ ಮುಆವಿಯಾನೊಡನೆ ಒಪ್ಪಂದ ಮಾಡಿಕೊಂಡು ಹಿಂದೆ ಸರಿದರು. ಮುಆವಿಯಾ ತನ್ನ ಮಗ ಯಜೀದನನ್ನೇ ಉತ್ತರಾಧಿಕಾರಿ ಎಂದುಬಿಟ್ಟ. ಅವನಿಗೆ ತಲೆಬಾಗಲೊಲ್ಲದ ಹುಸೇನ್ 680ರ ಅಕ್ಟೋಬರ್ 10ರಂದು, ಮೊಹರಂ ಹತ್ತನೆಯ ದಿನ, ಕರ್ಬಲಾದಲ್ಲಿ ಎಪ್ಪತ್ತೆರಡು ಮಂದಿಯೆಂದು ಹೇಳುವ ಚಿಕ್ಕ ಗುಂಪಿನೊಡನೆ ಹತರಾದರು. ಯೂಫ್ರೆಟಿಸ್ ನದಿ ಪಕ್ಕದಲ್ಲೇ ಹರಿಯುತ್ತಿದ್ದರೂ ಮಕ್ಕಳಿಗೆ ಕುಡಿಯಲು ನೀರು ಬಿಡಲಿಲ್ಲ. ಸೆರೆಯಾಗಿ ದಮಾಸ್ಕಸಿಗೆ ಹೋದ ತಂಗಿ ಜೈನಬ್ ಯಜೀದನ ಸಭೆಯಲ್ಲೇ ಎದ್ದು ನಿಂತು ನಡೆದದ್ದನ್ನು ನಡೆದ ಹಾಗೆ ಹೇಳಿದರು. ತಂಗಿ ನೋಡಿದ್ದನ್ನು ಹೇಳಿದ್ದರಿಂದ ಆ ಕಥೆ ಉಳಿಯಿತು. ಇದನ್ನು ಓದಿದ ದಿನವೂ ನನಗೆ ನಿದ್ದೆ ಬರಲಿಲ್ಲ, ಕಾರಣ ನಿಮಗೆ ಗೊತ್ತೇ ಇದೆ.

ಇಷ್ಟು ದೂರದ ದುಃಖ ಲಿಂಗಸುಗೂರಿಗೆ ಹೇಗೆ ಬಂತು? ಬಿಜಾಪುರದ ಆದಿಲ್ ಶಾಹಿಗಳಲ್ಲೇ ಈ ಜಗಳ ತಲೆಮಾರುಗಳ ಕಾಲ ನಡೆಯಿತು. ಯೂಸುಫ್ ಆದಿಲ್ ಶಾಹ 16ನೇ ಶತಮಾನದ ಆರಂಭದಲ್ಲಿ ಖುತ್ಬಾದಲ್ಲಿ ಶಿಯಾಗಳ ಹನ್ನೆರಡು ಇಮಾಮರ ಹೆಸರು ಓದಿಸಿದ. 1534ರಲ್ಲಿ ಪಟ್ಟಕ್ಕೆ ಬಂದ ಮೊದಲನೇ ಇಬ್ರಾಹಿಂ ಅದನ್ನು ಸುನ್ನಿ ಪದ್ಧತಿಗೆ ತಿರುಗಿಸಿದ. 1558ರಲ್ಲಿ ಅವನ ಮಗ ಅಲಿ ಮತ್ತೆ ಶಿಯಾ. ಅವನಿಗೆ ಮಕ್ಕಳಿಲ್ಲದೆ 1580ರಲ್ಲಿ ಕೊಲೆಯಾದಾಗ ಪಟ್ಟವೇರಿದ ಒಂಬತ್ತು ವರ್ಷದ ಸೋದರನ ಮಗನ ಹೆಸರಿನಲ್ಲಿ ರಾಜ್ಯ ನೋಡಿಕೊಂಡವಳು ವಿಧವೆ ಚಾಂದಬೀಬಿ. ಆ ಹುಡುಗ ಎರಡನೇ ಇಬ್ರಾಹಿಂ ಆದ, ಮತ್ತೆ ಸುನ್ನಿ. ಅರಮನೆಯ ಖುತ್ಬಾ ಹೀಗೆ ಹಿಂದೆ ಮುಂದೆ ಆಗುತ್ತಿದ್ದರೆ ಹಳ್ಳಿಯ ಜನ ಯಾರ ಸರದಿ ಎಷ್ಟನೆಯದೆಂದು ಕೇಳದೆ, ಬಾಯಾರಿ ಸತ್ತ ಹುಸೇನನನ್ನು ತಮ್ಮ ದೇವರುಗಳ ಸಾಲಿನಲ್ಲಿ ಕೂರಿಸಿಕೊಂಡರು. ಮುದಗಲ್ಲಿನ ಮೊಹರಂ ಇವತ್ತಿಗೂ ಸುತ್ತಲ ಸೀಮೆಗೆಲ್ಲ ದೊಡ್ಡದು. ಲೋಹದ ಪಂಜಾಕ್ಕೆ, ಅದು ಎತ್ತಿ ಹಿಡಿದ ಐದು ಬೆರಳಿನ ಕೈ, ಸಕ್ಕರೆ ಓದಿಸುತ್ತಾರೆ, ಖತಲ್ ರಾತ್ರಿ ಬೆಂಕಿ ಹಾಯುತ್ತಾರೆ, ಹೆಜ್ಜೆ ಹಾಕಿ ರಿವಾಯತ್ ಪದ ಹಾಡುತ್ತಾರೆ. ನಮ್ಮ ಹತ್ತಿರವೂ ಇದರ ಇನ್ನೊಂದು ಮುಖವಿದೆ. ಗೌರಿಬಿದನೂರು ತಾಲ್ಲೂಕಿನ ಅಲಿಪುರ ಹೆಚ್ಚುಕಡಿಮೆ ಇಡೀ ಊರೇ ಶಿಯಾಗಳದು. ಅಲ್ಲಿ ಹುಲಿವೇಷವಿಲ್ಲ, ಕುಣಿತವಿಲ್ಲ, ಕಪ್ಪು ಬಟ್ಟೆ ಮತ್ತು ಅಳು. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಶಿಯಾ ಮನೆತನದವರು ಎನ್ನುವುದನ್ನು ನಾನು ಐವತ್ತು ದಾಟಿದ ಮೇಲೆ ತಿಳಿದೆ.

ಮುಂದಿನ ವಾರ ತರಗತಿಯಲ್ಲಿ ಆ ಹುಡುಗನನ್ನು ಎಬ್ಬಿಸಿ, "ನೀನು ಕೇಳಿದ್ದಕ್ಕೆ ಎರಡು ಉತ್ತರ ಇದೆ" ಎಂದು ಎರಡನ್ನೂ ಹೇಳಿದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು "ನಮ್ಮ ಅಜ್ಜಿ ಮೊಹರಂ ದಿನ ಉಪವಾಸ ಇರ್ತಾರೆ ಮಿಸ್" ಅಂದಳು. ಬೆಲ್ ಹೊಡೆಯಿತು.

2025ರ ಮೊಹರಂ ಜುಲೈ 6ಕ್ಕೆ ಬಂತು, ಭಾನುವಾರ. ಹುಡುಗ ಆಗ ಹತ್ತನೇ ತರಗತಿ. ಎಸ್ಸೆಸ್ಸೆಲ್ಸಿ ಹುಡುಗನಿಗೆ ರಜೆಯೇ ಎಂದು ಹೆಡ್‌ಮಾಸ್ತರು ಗೊಣಗಿದರು, ನಾನು ಸಹಿ ಹಾಕಿದೆ. ಊರಿಂದ ಬಂದ ಅವನ ತಾಯಿ ಒಂದು ಡಬ್ಬಿ ಚೊಂಗೆ ತಂದುಕೊಟ್ಟಳು, ಗೋಧಿ ಹಿಟ್ಟಿಗೆ ಬೆಲ್ಲ ಹಾಕಿ ಮಾಡುವ ಹಬ್ಬದ ತಿಂಡಿ. "ಓದಿಸಿದ್ದು ಅದ, ಹಂಚಿ ತಿನ್ರೀ ಅಕ್ಕಾರ."

ತಮ್ಮ ಈಗ ದಾಸರಹಳ್ಳಿಯಲ್ಲಿದ್ದಾನೆ, ಒಂದು ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿ. ಡಬ್ಬಿ ತೆಗೆದುಕೊಂಡು ಸಂಜೆ ಅವನ ಮನೆಗೆ ಹೋದೆ. ನೈಟ್ ಶಿಫ್ಟಿಗೆ ಹೊರಡಲು ಷರಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಬಹಳ ಪೀಠಿಕೆ ಹಾಕಿ, ಅಪ್ಪ ಪೇಟದ ಮಾತು ಹೇಳಿದ್ದು ನನಗೆ ಕೇಳಿಸಿತ್ತು ಕಣೋ ಅಂದೆ.

"ಗೊತ್ತು ಕಣಕ್ಕ" ಅಂದ ಅವನು, "ಆವತ್ತು ನಿನ್ನ ಕೈಯಲ್ಲಿ ತಟ್ಟೆ ಅಲ್ಲಾಡಿತ್ತಲ್ಲ." ಚೊಂಗೆ ಮುರಿದು ಬಾಯಿಗೆ ಹಾಕಿಕೊಂಡ. ಬೆಲ್ಲ ಜಾಸ್ತಿಯಾಯಿತು ಅಂದ. ಸ್ವಲ್ಪ ಹೊತ್ತು ಬಿಟ್ಟು, "ಅಣ್ಣಂಗೂ ಹೇಳ್ತೀಯಾ?" ಎಂದು ಕೇಳಿದ.

ಬಸ್ಸಿಗೆ ಹೊತ್ತಾಯಿತೆಂದು ನಾನು ಎದ್ದೆ. ಅವನು ಖಾಲಿ ಡಬ್ಬಿಯನ್ನು ತೊಳೆದು, ಒರೆಸಿ, ಒಳಗೊಂದು ಹಿಡಿ ಅಕ್ಕಿ ಹಾಕಿ ಕೈಗೆ ಕೊಟ್ಟ.