ಅರ್ಜಿಯಲ್ಲಿ ಇಲ್ಲದ ಗುಂಡಿ

ನಮ್ಮ ಮನೆ ಇರೋದು ಸೋಮವಾರಪೇಟೆ ಕಡೆ, ಗುಡ್ಡದ ಇಳಿಜಾರಿನಲ್ಲಿ. ನಾವು ಮೇಲೆ, ಅಜ್ಜಿ ಕೆಳಗೆ. ಸ್ವಂತ ಅಜ್ಜಿ ಅಲ್ಲ, ಕೆಳಗಿನ ಮನೆ ಅಜ್ಜಿ. ಲಾಕ್‌ಡೌನ್ ಟೈಮಲ್ಲಿ ನಾವು ಅಣ್ಣ-ತಂಗಿ ನಮ್ಮನೆಗಿಂತ ಅಲ್ಲೇ ಜಾಸ್ತಿ ಊಟ ಮಾಡಿದ್ದು. ಅದೇ ಅಜ್ಜಿ ಹೋದ ವರ್ಷ ನಮ್ಮ ಮೇಲೆ ತಕರಾರು ಅರ್ಜಿ ಕೊಟ್ಟರು.

ಕಾರಣ, ನಾವು ಹಿತ್ತಲಲ್ಲಿ ಕಟ್ಟಬೇಕು ಅಂತಿದ್ದ ಎರಡನೇ ಮನೆ. ಕೊಡಗಿನಲ್ಲಿ ಖಾಲಿ ಜಾಗ ಕಂಡರೆ ಎಲ್ಲರಿಗೂ ಹೋಮ್‌ಸ್ಟೇ ನೆನಪಾಗುತ್ತೆ, ಅಪ್ಪನಿಗೂ ಆಯ್ತು. ನಮ್ಮ ಫೀಸು ಅದರಿಂದಲೇ ಬರಲಿ ಅನ್ನೋ ಲೆಕ್ಕ. ಅಜ್ಜಿಯ ಅರ್ಜಿಯಲ್ಲಿದ್ದದ್ದು ಒಂದೇ ಮಾತು: ಹೊಸ ಮನೆಯ ಮಳೆನೀರು ನಮ್ಮ ಹಿಂದಿನ ಬರೆಗೆ ಬೀಳುತ್ತೆ, ಬರೆ ಕುಸಿಯುತ್ತೆ. 2018ರ ಆಗಸ್ಟ್ ನೋಡಿದ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಪ್ಪನ ಹತ್ತಿರ ಕಾನೂನಿತ್ತು. 1882ರ ಈಸ್ಮೆಂಟ್ ಕಾಯ್ದೆಯ 7ನೇ ಸೆಕ್ಷನ್‌ನಲ್ಲಿ ಒಂದು ಉದಾಹರಣೆ ಇದೆ: ಮೇಲಿನ ಜಾಗದಲ್ಲಿ ಬಿದ್ದ ನೀರು ಸಹಜವಾಗಿ ಕೆಳಗೆ ಹರಿದರೆ ಕೆಳಗಿನವರು ಬಿಟ್ಟುಕೊಳ್ಳಬೇಕು. ನಾವೂ ಖುಷಿಪಟ್ಟೆವು. ಆದರೆ ಆ ‘ಸಹಜವಾಗಿ’ ಅನ್ನೋ ಪದ ಗಂಟಲಲ್ಲಿ ಸಿಕ್ಕಿಕೊಂಡಿತು. 900 ಚದರ ಅಡಿ ಸೂರು, ಒಂದೇ ದಿನ 100 ಮಿಲಿಮೀಟರ್ ಮಳೆ ಅಂದುಕೊಳ್ಳಿ (ನಮ್ಮಲ್ಲಿ ಜುಲೈನಲ್ಲಿ ಇದೇನು ದೊಡ್ಡ ಸುದ್ದಿ ಅಲ್ಲ), ಎಂಟು ಸಾವಿರ ಲೀಟರಿಗೂ ಜಾಸ್ತಿ ಆಗುತ್ತೆ. ಸಾವಿರ ಲೀಟರಿನ ಎಂಟು ಸಿಂಟೆಕ್ಸ್ ಟ್ಯಾಂಕು. ಅಷ್ಟನ್ನೂ ಒಂದು ಪೈಪಿಗೆ ಸೇರಿಸಿ ಒಂದೇ ಮೂಲೆಯಲ್ಲಿ ಸುರಿದರೆ ಅದು ಯಾವ ಸೀಮೆ ಸಹಜ? ಸೂರಿನ ಎತ್ತರದಿಂದಲೇ ಪೈಪ್ ಎಳೆದು ಪಕ್ಕದ ಓಣಿಯ ಚರಂಡಿಗೆ ಬಿಡೋದು ಅಂತ ಅಪ್ಪನನ್ನು ಒಪ್ಪಿಸಿದೆವು. ಅಲ್ಲಿಗೆ ತಕರಾರು ಮುಗೀತು ಅಂದುಕೊಂಡೆವು.

ಆ ಪೈಪಿನ ಅಳತೆಗೆ ಅಂತ ಟೇಪ್ ಹಿಡಿದು ಹಿತ್ತಲಿಗೆ ಹೋದಾಗಲೇ ಗೊತ್ತಾಗಿದ್ದು. ನಮ್ಮ ಕಡೆ ಒಳಚರಂಡಿ ಇಲ್ಲ, ಸೆಪ್ಟಿಕ್ ಟ್ಯಾಂಕು, ಅದರ ನೀರು ಇಂಗೋಕೆ ಇನ್ನೊಂದು ಗುಂಡಿ. ಐಎಸ್ 2470ರ ಪ್ರಕಾರ ಆ ಇಂಗುಗುಂಡಿ ಕುಡಿಯೋ ನೀರಿನ ಬಾವಿಯಿಂದ 18 ಮೀಟರ್‌ಗಿಂತ ಹತ್ತಿರ ಇರಬಾರದು. ಪ್ಲಾನಿನಲ್ಲಿ ಗುಂಡಿ ತೋರಿಸಿದ್ದ ಜಾಗದಿಂದ ಅಜ್ಜಿಯ ಬಾವಿಗೆ ಟೇಪ್ ಎಳೆದೆವು. ತಂಗಿ ಬಾವಿಕಟ್ಟೆ ಹತ್ತಿರ ನಿಂತು ಓದಿದಳು: ಹದಿಮೂರು.

ಅರ್ಜಿಯಲ್ಲಿ ಗುಂಡಿಯ ಮಾತೇ ಇರಲಿಲ್ಲ. ಕಚೇರಿಯಲ್ಲೂ ಯಾರೂ ಕೇಳಿರಲಿಲ್ಲ. ನಾವು ಬಾಯಿ ಮುಚ್ಚಿಕೊಂಡರೆ ಪ್ಲಾನ್ ಪಾಸಾಗುತ್ತಿತ್ತು. ಎರಡು ದಿನ ಮುಚ್ಚಿಕೊಂಡೂ ಇದ್ದೆವು, ಸುಳ್ಳು ಯಾಕೆ ಹೇಳೋದು. ಗುಂಡಿಯನ್ನು ಮುಂದಕ್ಕೆ ತಂದರೆ ಅದು ಹೊಸ ಮನೆಗಿಂತ ಮೇಲಾಗುತ್ತೆ, ಟಾಯ್ಲೆಟ್ ನೀರು ಹತ್ತಲ್ಲ. ಪಂಪ್ ಹಾಕಬೇಕು, ಇಲ್ಲಾ ಅಡಿಪಾಯ ಏರಿಸಬೇಕು. ಎರಡಕ್ಕೂ ದುಡ್ಡು. ಮೂರನೇ ದಿನ ಅಮ್ಮನೇ, “ಹೋಗಿ ಹೇಳಿ ಬನ್ನಿ, ನಂಗೆ ನಿದ್ದೆ ಬರ್ತಿಲ್ಲ” ಅಂದರು.

ಅಜ್ಜಿ ಸಮಾಧಾನ ಆಗ್ತಾರೆ, ಕಾಫಿ ಕೊಡ್ತಾರೆ ಅಂತೆಲ್ಲ ಅಂದುಕೊಂಡು ಹೋಗಿದ್ದೆವು. ಅವರು ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದರು.

“ಹಂಗಾದ್ರೆ ಈಗಿರೋ ನಿಮ್ ಗುಂಡಿ ಎಷ್ಟು ದೂರ ಮಗಾ?”

ಅದನ್ನು ನಾವು ಅಳೆದೇ ಇರಲಿಲ್ಲ. ಇಪ್ಪತ್ತು ವರ್ಷದ ಹಳೇ ಗುಂಡಿ, ಅದರ ಮೇಲೆ ಅಮ್ಮನ ಕೆಸುವಿನ ಗಿಡ. ಟೇಪ್ ತಂದು ಅಜ್ಜಿಯ ಎದುರೇ ಎಳೆದೆವು. ಹದಿನಾರು ಬಂತು. ನಲ್ಲಿ ನಿಂತ ಬೇಸಿಗೆಗಳಲ್ಲಿ ನಾವೂ ಅದೇ ಬಾವಿಯ ನೀರು ಕುಡಿದಿದ್ದೇವೆ. ಅಜ್ಜಿ ಏನೂ ಅನ್ನಲಿಲ್ಲ, ಒಳಗೆ ಹೋದರು. ಕಾಫಿ ಬರಲಿಲ್ಲ.

ಬಾವಿ ನೀರನ್ನು ಟೆಸ್ಟಿಗೆ ಕೊಟ್ಟಿದ್ದೇವೆ, ರಿಪೋರ್ಟ್ ಇನ್ನೂ ಬಂದಿಲ್ಲ. ಅಪ್ಪ ಪ್ಲಾನ್ ವಾಪಸ್ ತಗೊಂಡು ಹೊಸದಾಗಿ ಬರೆಸ್ತಿದ್ದಾರೆ, ಹಳೇ ಗುಂಡಿಯನ್ನೂ ಸೇರಿಸಿ. ಅಜ್ಜಿ ಅರ್ಜಿ ವಾಪಸ್ ತಗೊಂಡಿಲ್ಲ, ನಾವೂ ಕೇಳಿಲ್ಲ. ರಜೆಗೆ ಊರಿಗೆ ಹೋದಾಗ ಬೆಳಗ್ಗೆ ನಮ್ಮ ನಲ್ಲಿಯಿಂದ ಎರಡು ಕೊಡ ನೀರು ಅವರ ಜಗಲಿಯಲ್ಲಿಟ್ಟು ಬರ್ತೀವಿ. ಸಂಜೆ ಹೊತ್ತಿಗೆ ಕೊಡಗಳು ಖಾಲಿಯಾಗಿ ನಮ್ಮ ಗೇಟಿನ ಹತ್ತಿರ ಇರುತ್ತವೆ.