ಸೋಮಾರಿ ಕಣ್ಣಿನ ಎರಡು ತಾಸು

ನನ್ನ ಎಡಗಣ್ಣು ಸರಿಯಾಗಿ ಕಾಣುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ. ಅದೂ ಮದ್ರಾಸ್ ಐ ಪುಣ್ಯದಿಂದ. ಆಗ ಗಂಗಾವತಿಯಲ್ಲಿ ಡಿಗ್ರಿ ಓದುತ್ತಿದ್ದೆ. ಹಾಸ್ಟೆಲಿನಲ್ಲಿ ಒಬ್ಬರಿಂದ ಒಬ್ಬರಿಗೆ ಹರಡಿದ ಬೇನೆ ನನ್ನ ಬಲಗಣ್ಣಿಗೂ ಬಂತು. ಬೆಳಿಗ್ಗೆ ಎದ್ದರೆ ಪಿಸುರು ಕಟ್ಟಿಕೊಂಡು ರೆಪ್ಪೆ ಬಿಚ್ಚಲು ಬಾರದು. ಮರುದಿನ ಟೆಸ್ಟ್ ಇತ್ತು. ಇನ್ನೊಂದು ಕಣ್ಣಿದೆಯಲ್ಲ ಎಂದು ಎಡಗಣ್ಣಿನಲ್ಲೇ ಪುಸ್ತಕ ತೆರೆದೆ. ಸಾಲುಗಳಿದ್ದವು, ಅಕ್ಷರಗಳಿರಲಿಲ್ಲ. ಇರುವೆ ಸಾಲಿನ ಮೇಲೆ ನೀರು ಚೆಲ್ಲಿದ ಹಾಗೆ ಎಲ್ಲವೂ ಕಲಸಿಹೋಗಿತ್ತು. ಬೇನೆ ಈ ಕಣ್ಣಿಗೂ ಇಳಿಯಿತೆಂದು ಹೆದರಿ ಆಸ್ಪತ್ರೆಗೆ ಓಡಿದೆ.

ಡಾಕ್ಟರು ಬಲಗಣ್ಣಿಗೆ ಹನಿ ಔಷಧ ಬರೆದುಕೊಟ್ಟು ಎಡಗಣ್ಣನ್ನು ಬಹಳ ಹೊತ್ತು ನೋಡಿದರು. ಒಂದಾದ ಮೇಲೊಂದು ಗಾಜು ಇಟ್ಟು ಓದಿಸಿದರು. ಯಾವ ಗಾಜು ಹಾಕಿದರೂ ಮೇಲಿನ ದೊಡ್ಡ ಅಕ್ಷರಗಳನ್ನು ದಾಟಿ ಕೆಳಗಿಳಿಯಲಾಗಲಿಲ್ಲ. “ಕಣ್ಣು ಚಲೋ ಐತವ್ವಾ. ಆದ್ರ ನಿನ್ನ ಮೆದುಳು ಸಣ್ಣಾಕಿ ಇದ್ದಾಗ್ಲೇ ಇದನ್ನ ಬಳಸೋದು ಬಿಟ್ಟೈತಿ. ಐದಾರು ವರ್ಷದಾಕಿ ಇದ್ದಾಗ ತೋರಿಸಿದ್ರ ಚಶ್ಮಾ, ಪಟ್ಟಿಯೊಳಗ ಮುಗೀತಿತ್ತು” ಎಂದರು. ಸೋಮಾರಿ ಕಣ್ಣು ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಅವತ್ತೇ.

ಹತ್ತೊಂಬತ್ತು ವರ್ಷ ಅದು ಗೊತ್ತಾಗದೇ ಇದ್ದದ್ದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಉತ್ತರ ಸರಳ. ಒಂದು ಕಣ್ಣು ಚೆನ್ನಾಗಿ ಕಂಡರೆ ಜಗತ್ತು ಪೂರ್ತಿ ಕಾಣುತ್ತದೆ. ಹುಟ್ಟಿದಾಗಿನಿಂದ ಹಾಗೆಯೇ ನೋಡಿದ ಮಗುವಿಗೆ ಬೇರೆ ರೀತಿ ನೋಡುವುದೂ ಇದೆ ಎಂದು ಹೇಗೆ ತಿಳಿಯಬೇಕು? ನನಗೆ ಮೆಳ್ಳೆಗಣ್ಣೂ ಇರಲಿಲ್ಲ, ಇದ್ದಿದ್ದರೆ ಯಾರಾದರೂ ಅಣಕಿಸುತ್ತಿದ್ದರು, ಅದರಿಂದಲಾದರೂ ಗೊತ್ತಾಗುತ್ತಿತ್ತು. ನನ್ನದು ಎರಡು ಕಣ್ಣಿನ ನಂಬರಿನಲ್ಲಿ ದೊಡ್ಡ ಅಂತರವಿರುವ ಜಾತಿ. ಒಂದು ಕಣ್ಣು ಸ್ಪಷ್ಟ ಚಿತ್ರ ಕಳಿಸುತ್ತದೆ, ಇನ್ನೊಂದು ಮಸುಕು ಚಿತ್ರ. ಎರಡನ್ನೂ ಹೊಂದಿಸಲಾರದ ಮೆದುಳು ಮಸುಕನ್ನು ಪಕ್ಕಕ್ಕೆ ಸರಿಸುತ್ತದೆ. ಸರಿಸಿ ಸರಿಸಿ ಕೊನೆಗೆ ಆ ಕಣ್ಣಿನಿಂದ ನೋಡುವುದನ್ನು ಕಲಿಯುವುದೇ ಇಲ್ಲ. ಹೊರಗಿನಿಂದ ನೋಡಿದವರಿಗೆ ಎರಡೂ ಕಣ್ಣು ಒಂದೇ ತರಹ ಮಿಂಚುತ್ತಿರುತ್ತವೆ. ನೂರು ಮಕ್ಕಳಲ್ಲಿ ಒಬ್ಬಿಬ್ಬರಿಗಾದರೂ ಹೀಗಿರುತ್ತದಂತೆ. ನಮ್ಮ ಊರಿನ ಶಾಲೆಯ ಲೆಕ್ಕ ಹಾಕಿದೆ: ನನ್ನ ಜೊತೆಗೆ ಇನ್ನೂ ಮೂರ್ನಾಲ್ಕು ಜನ ಇರಬೇಕಿತ್ತು.

ಸಂಶೋಧನೆಯ ಚಟ ಹತ್ತಿದ ಮೇಲೆ ಇದರ ಬಗ್ಗೆಯೂ ಹುಡುಕಿ ಓದಿದೆ. 1960ರ ದಶಕದಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಎಂಬ ಇಬ್ಬರು ವಿಜ್ಞಾನಿಗಳು ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆ ಹೊಲಿದು, ಕೆಲವು ತಿಂಗಳ ನಂತರ ಬಿಚ್ಚಿ ನೋಡಿದರು. ಕಣ್ಣು ಆರೋಗ್ಯವಾಗಿಯೇ ಇತ್ತು. ಆದರೆ ಮೆದುಳಿನಲ್ಲಿ ಆ ಕಣ್ಣಿಗೆ ಸ್ಪಂದಿಸುವ ಜೀವಕೋಶಗಳು ಹೆಚ್ಚುಕಡಿಮೆ ಇರಲೇ ಇಲ್ಲ, ತೆರೆದಿದ್ದ ಕಣ್ಣು ಆ ಜಾಗವನ್ನೆಲ್ಲ ಆಕ್ರಮಿಸಿತ್ತು. ಬೆಳೆದ ಬೆಕ್ಕಿಗೆ ಹಾಗೆ ಮಾಡಿದರೆ ಏನೂ ಆಗಲಿಲ್ಲ. ನೋಡುವುದನ್ನು ಮೆದುಳು ಕಲಿಯುವುದಕ್ಕೂ ಒಂದು ಹದ ಇದೆ ಎಂದಾಯಿತು. ನಮ್ಮಲ್ಲಿ ಬಿತ್ತನೆಗೆ ಹದ ನೋಡಿದ ಹಾಗೆ. ಅವರಿಗೆ 1981ರಲ್ಲಿ ನೊಬೆಲ್ ಬಂತು. ಚಿಕಿತ್ಸೆ ಮಾತ್ರ ಇನ್ನೂ ಹಳೆಯದು. ಒಳ್ಳೆಯ ಕಣ್ಣನ್ನು ಮುಚ್ಚಿ ದುರ್ಬಲ ಕಣ್ಣಿಗೆ ಕೆಲಸ ಕೊಡಬೇಕೆಂದು ಫ್ರಾನ್ಸಿನ ಬ್ಯುಫೋನ್ 1743ರಲ್ಲೇ ಬರೆದಿದ್ದ.

ಇಷ್ಟೆಲ್ಲ ಓದಿದೆ, ಆದರೆ ಯಾರಿಗೂ ಹೇಳಲಿಲ್ಲ. ನಾನು ಈ ಪ್ರಬಂಧ ಬರೆಯಲು ಕಾರಣವೇ ಅದು.

ಗಂಗಾವತಿಯಿಂದ ಊರಿಗೆ ಬಂದು ಅವ್ವನಿಗೆ ಹೇಳಿದಾಗ ಅವಳು ಮೊದಲು ಬಾಗಿಲು ಹಾಕಿದಳು. ನಮ್ಮದು ಕುಷ್ಟಗಿ ತಾಲ್ಲೂಕಿನ ಒಣ ಬೇಸಾಯದ ಹಳ್ಳಿ. ಅವ್ವನಿಗೆ ಕಣ್ಣಿನ ತೊಂದರೆ ಎಂದರೆ ಮುದುಕರ ಪೊರೆ. ಬೀಳಗಿಯ ಡಾ. ಎಂ.ಸಿ. ಮೋದಿಯವರ ಕಣ್ಣಿನ ಶಿಬಿರಗಳ ಕತೆ ಕೇಳಿ ಬೆಳೆದವಳು ಅವಳು. ವಯಸ್ಸಿನ ಹುಡುಗಿಗೆ ಕಣ್ಣು ಮಂದ ಎಂದರೆ ಅವಳ ಪಾಲಿಗೆ ಅದು ರೋಗವಲ್ಲ, ಐಬು. “ಒಂದು ಕಣ್ಣು ಕಮ್ಮಿ ಅಂತ ಯಾರ ಮುಂದೂ ಅನಬ್ಯಾಡ. ನಿನ್ನ ಅಕ್ಕನ ಮುಂದೂ ಅನಬ್ಯಾಡ. ಆಕಿ ಅತ್ತಿಮನ್ಯಾಗ ಗೊತ್ತಾದ್ರ ಊರ ತುಂಬ ಆಕ್ಕೈತಿ” ಎಂದಳು. ನಾನು ಹೂಂ ಅಂದೆ. ಅವ್ವನ ಹೆದರಿಕೆಗೆ ಮಾತ್ರ ಹೂಂ ಅಂದದ್ದಲ್ಲ. ನನಗೂ ಮುಚ್ಚಿಡುವುದೇ ಸುಲಭ ಅನ್ನಿಸಿತ್ತು.

ಈಗ ನಾನು ಕೊಪ್ಪಳ ಸೀಮೆಯ ಶಾಸನಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಸವೆದ ಕಲ್ಲಿನ ಮೇಲಿನ ಗೀರು ಅಕ್ಷರವೋ ಒಡಕೋ ಎಂದು ಜೊತೆಯವರು ನೋಡಿ ಹೇಳುವಾಗ ನಾನು ಬೆರಳಿಟ್ಟು ಸವರುತ್ತೇನೆ. ಎರಡೂ ಕಣ್ಣು ಸೇರಿ ಕೊಡುವ ಆಳದ ಅಂದಾಜು ನನಗೆ ಸರಿಯಾಗಿ ಸಿಗುವುದಿಲ್ಲ. ಪಾಲ್ಕಿಗುಂಡಿನ ಅಶೋಕನ ಶಾಸನ ನೋಡಲು ಬಂಡೆ ಹತ್ತುವಾಗಲೂ ಅಷ್ಟೇ, ಪ್ರತಿ ಹೆಜ್ಜೆಗೂ ಕಾಲಿನಿಂದ ತಡವಿ ನೋಡುತ್ತೇನೆ. “ಮೇಡಂ ಭಾಳ ಹುಷಾರಿ” ಎಂದು ಜೊತೆಯವರು ನಗುತ್ತಾರೆ. ನಾನೂ ನಗುತ್ತಿದ್ದೆ. ಮುಚ್ಚಿಟ್ಟದ್ದರಿಂದ ಯಾರಿಗೂ ನಷ್ಟವಿಲ್ಲ, ಇದ್ದರೂ ನನಗೊಬ್ಬಳಿಗೇ ಎಂದುಕೊಂಡಿದ್ದೆ.

ಅದು ಸುಳ್ಳೆಂದು ಗೊತ್ತಾಗಿದ್ದು ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ. ಯಲಬುರ್ಗಾದಿಂದ ಅಕ್ಕ ಮಗಳನ್ನು ಕರೆದುಕೊಂಡು ಬಂದಿದ್ದಳು. ಪುಟ್ಟಿಗೆ ಆಗ ಆರು ವರ್ಷ. ಒಳಗೆ ಬಳೆಚೂರು ಹಾಕಿದ, ತಿರುಗಿಸಿದಂತೆ ಬಣ್ಣದ ಹೂ ಬದಲಾಗುವ ಕೊಳವೆಯೊಂದನ್ನು ಕೊಡಿಸಿದೆ. ಅದನ್ನು ಬಲಗಣ್ಣಿಗೆ ಹಿಡಿದು ಕುಣಿದಾಡಿದಳು. ತಮಾಷೆಗೆ ಕೊಳವೆಯನ್ನು ಎಡಗಣ್ಣಿಗೆ ಹಿಡಿದೆ. “ಚಿಗವ್ವ, ಆ ಕಣ್ಣಾಗ ಹೂವು ಬರಂಗಿಲ್ಲ” ಎಂದಳು. ಅಲ್ಲೇ, ಖಾರಾ ಮಂಡಕ್ಕಿ ಅಂಗಡಿಯ ಪಕ್ಕ ನಿಲ್ಲಿಸಿ ಅವಳ ಎಡಗಣ್ಣನ್ನು ಅಂಗೈಯಿಂದ ಮುಚ್ಚಿದೆ, ಸುಮ್ಮನಿದ್ದಳು. ಬಲಗಣ್ಣು ಮುಚ್ಚಿದೆ, ಕೈ ಕಿತ್ತು ಹಾಕಿದಳು. ಮತ್ತೆ ಮುಚ್ಚಿದೆ, ಅತ್ತಳು.

ಇಂಥದ್ದು ಮನೆತನದಲ್ಲಿ ಒಬ್ಬರಿಗಿದ್ದರೆ ಉಳಿದ ಮಕ್ಕಳನ್ನೂ ಚಿಕ್ಕಂದಿನಲ್ಲೇ ತೋರಿಸಬೇಕೆಂದು ನಾನು ಓದಿದ್ದೆ. ಓದಿಯೂ ಅಕ್ಕನಿಗೆ ಹೇಳಿರಲಿಲ್ಲ. ಪುಟ್ಟಿ ಮೂರು ವರ್ಷದವಳಿದ್ದಾಗಲೇ ತೋರಿಸಬಹುದಿತ್ತು. ಆ ಮೂರು ವರ್ಷದ ಲೆಕ್ಕ ನನ್ನ ಹೆಸರಿನಲ್ಲೇ ಇದೆ. ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ, ದೃಷ್ಟಿದೋಷವೂ ಅದರ ಪಟ್ಟಿಯಲ್ಲಿದೆ. ಆದರೆ ತಪಾಸಣೆಯ ದಿನ ಮಗು ಶಾಲೆಗೆ ಹೋಗಿರಬೇಕು, ಒಂದೊಂದೇ ಕಣ್ಣು ಮುಚ್ಚಿ ನೋಡಬೇಕು, ಮನೆಯವರು ಮುಂದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಇದರಲ್ಲಿ ಒಂದು ತಪ್ಪಿದರೂ ಮಗು ತಪ್ಪಿಹೋಗುತ್ತದೆ.

ಅವತ್ತು ರಾತ್ರಿ ಅಕ್ಕನಿಗೆ ನನ್ನ ಕಣ್ಣಿನ ವಿಷಯ ಹೇಳಿದೆ. ಅವಳು ಬೈಯಲಿಲ್ಲ. “ಯಾಕ ಹೇಳ್ಲಿಲ್ಲ?” ಎಂದು ಒಂದೇ ಸಲ ಕೇಳಿ ಮಗ್ಗುಲಾದಳು. ಬೈದಿದ್ದರೆ ಚೆನ್ನಾಗಿತ್ತು.

ಕೊಪ್ಪಳದ ಕಣ್ಣಿನ ಡಾಕ್ಟರು ಹನಿ ಹಾಕಿ, ಕಣ್ಣಿನ ಪಾಪೆ ದೊಡ್ಡದಾದ ಮೇಲೆ ನಂಬರು ತೆಗೆದರು. ಎಡಗಣ್ಣಿನ ದೃಷ್ಟಿ 6/36. ಅಂದರೆ ಸರಿಯಾದ ಕಣ್ಣು ಮೂವತ್ತಾರು ಮೀಟರಿನಿಂದ ಓದುವುದನ್ನು ಅದು ಆರು ಮೀಟರಿಗೆ ಬಂದು ಓದಬೇಕು. ಮೊದಲು ಚಶ್ಮಾ ಮಾತ್ರ ಕೊಟ್ಟರು. ಎಷ್ಟೋ ಮಕ್ಕಳಲ್ಲಿ ಬರೀ ಚಶ್ಮಾದಿಂದಲೇ ಕಣ್ಣು ಸುಧಾರಿಸುತ್ತದೆ, ಕೆಲವರಿಗೆ ಪಟ್ಟಿಯೇ ಬೇಕಾಗುವುದಿಲ್ಲ ಎಂದರು. ನಾಲ್ಕು ತಿಂಗಳಿಗೆ 6/24ಕ್ಕೆ ಬಂದು ನಿಂತಿತು. ಆಗ ಪಟ್ಟಿ. ದಿನಕ್ಕೆ ಎರಡು ತಾಸು, ಚಶ್ಮಾದ ಒಳಗೆ, ಬಲಗಣ್ಣಿನ ಮೇಲೆ. ಎರಡೇ ತಾಸು ಸಾಕೇ ಎಂಬ ನನ್ನ ಅನುಮಾನವನ್ನು ಓದೇ ಪರಿಹರಿಸಿತು. 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು, ಮಧ್ಯಮ ತೀವ್ರತೆಯ ತೊಂದರೆಯಿದ್ದ ಏಳು ವರ್ಷದೊಳಗಿನ ಮಕ್ಕಳಲ್ಲಿ ಎರಡು ತಾಸಿನ ಪಟ್ಟಿಗೂ ಆರು ತಾಸಿನ ಪಟ್ಟಿಗೂ ನಾಲ್ಕು ತಿಂಗಳಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ ಎಂದಿತ್ತು. ಪಟ್ಟಿ ಕಟ್ಟಿಕೊಳ್ಳದ ಮಕ್ಕಳಿಗೆ ಒಳ್ಳೆಯ ಕಣ್ಣಿಗೆ ಅಟ್ರೋಪಿನ್ ಹನಿ ಹಾಕಿ ಅದನ್ನೇ ಮಸುಕು ಮಾಡುವ ದಾರಿಯೂ ಇದೆ.

ಎರಡು ತಾಸು ಎಂದು ಹೇಳುವುದು ಸುಲಭ. ಚೈತ್ರದ ಯಲಬುರ್ಗಾದಲ್ಲಿ ಅಂಟಿಸಿದ ಪಟ್ಟಿ ಬೆವರಿಗೆ ಹತ್ತು ನಿಮಿಷಕ್ಕೆ ಕಳಚುತ್ತದೆ. ಚಶ್ಮಾದ ಗಾಜಿಗೆ ಬಟ್ಟೆ ಕಟ್ಟಿದರೆ ಪುಟ್ಟಿ ಅಂಚಿನಿಂದ ಇಣುಕಿ ನೋಡುತ್ತಾಳೆ. ಓಣಿಯ ಮಕ್ಕಳು “ಒಕ್ಕಣ್ಣಿ” ಎಂದು ಕೂಗಿದರೆ ಕಿತ್ತೆಸೆದು ಅಳುತ್ತಾಳೆ. ಅಕ್ಕನ ಅತ್ತೆಯದು ಇನ್ನೊಂದು ತಕರಾರು: “ಕಾಣೋ ಕಣ್ಣು ಮುಚ್ಚಿ ಕಾಣಲಾರದ ಕಣ್ಣು ಬಿಡತಾರಂದ್ರ, ಇದ್ಯಾವ ಶ್ಯಾಣ್ಯಾತನ?” ಅವರ ಪ್ರಶ್ನೆ ತಪ್ಪಲ್ಲ. ನೋಡಿದವರಿಗೆ ಹಾಗೆಯೇ ಕಾಣುತ್ತದೆ. ಅದೇ ವೈಶಾಖದಲ್ಲಿ ಮನೆಯಲ್ಲೊಂದು ಮದುವೆ. ಫೋಟೋದಲ್ಲಿ ಚೆಂದ ಕಾಣಲಿ ಎಂದು ಪಟ್ಟಿಯನ್ನೂ ಚಶ್ಮಾವನ್ನೂ ತೆಗೆದಿಟ್ಟವರು ಮೂರು ವಾರ ಮತ್ತೆ ಮುಟ್ಟಲಿಲ್ಲ.

ಗೊತ್ತಾದಾಗ ಫೋನಿನಲ್ಲಿ ಅಕ್ಕನ ಮೇಲೆ ರೇಗಿದೆ. ಅವಳು ಎಲ್ಲ ಕೇಳಿಸಿಕೊಂಡು, “ನೀ ಪುಟ್ಟಿ ಕಣ್ಣಿನ ಸಲುವಾಗಿ ಬೈಯಾಕತ್ತೀಯೋ, ನಿನ್ನ ಕಣ್ಣಿನ ಸಲುವಾಗಿ ಬೈಯಾಕತ್ತೀಯೋ?” ಎಂದಳು. ಉತ್ತರ ಕೊಡಲಾಗಲಿಲ್ಲ. ಮರುದಿನ ಕುಷ್ಟಗಿಗೆ ಹೋಗಿ ಅವ್ವನನ್ನು ಕರೆದುಕೊಂಡು ಯಲಬುರ್ಗಾದ ಬಸ್ ಹತ್ತಿದೆ.

ಅಕ್ಕನ ಅತ್ತೆಯ ಮುಂದೆ ಕುಳಿತು, ನನ್ನ ಬಲಗಣ್ಣಿಗೆ ಪುಟ್ಟಿಯ ಪಟ್ಟಿಯೊಂದನ್ನು ಅಂಟಿಸಿಕೊಂಡು, ಸೂಜಿ ದಾರ ಕೊಡಿ ಎಂದೆ. ಪೋಣಿಸಲಾಗಲಿಲ್ಲ. ಗೋಡೆಯ ಕ್ಯಾಲೆಂಡರಿನ ತಾರೀಖು ಓದಲಾಗಲಿಲ್ಲ. “ನನಗ ಸಣ್ಣಾಕಿದ್ದಾಗ ಯಾರೂ ಪಟ್ಟಿ ಕಟ್ಟಲಿಲ್ರಿ” ಎಂದಷ್ಟೇ ಹೇಳಿದೆ. ಪಕ್ಕದಲ್ಲಿ ಅವ್ವ ತಲೆ ತಗ್ಗಿಸಿ ಕುಳಿತಿದ್ದಳು. ಅವಳು ಏಳು ವರ್ಷ ಬಾಗಿಲು ಹಾಕಿ ಇಟ್ಟುಕೊಂಡಿದ್ದ ಮಾತನ್ನು ನಾನು ಬೀಗರ ಪಡಸಾಲೆಯಲ್ಲಿ ಬಿಚ್ಚಿದ್ದೆ. ಬಹಳ ಹೊತ್ತಿನ ಮೇಲೆ ಅವ್ವನೇ, “ಹೌದ್ರಿ, ನಮಗ ಗೊತ್ತಾಗ್ಲಿಲ್ಲ” ಎಂದಳು.

ಆಮೇಲೆ ಆ ಎರಡು ತಾಸು ಅಕ್ಕನ ಅತ್ತೆಯ ಪಾಲಿಗೇ ಬಂತು. ಸಂಜೆ ಬಿಸಿಲು ಇಳಿದ ಮೇಲೆ, ಮುಖ ತೊಳೆದು ಒರೆಸಿ ಪಟ್ಟಿ ಅಂಟಿಸಿ, ಮೊಮ್ಮಗಳನ್ನು ಮುಂದೆ ಕೂರಿಸಿಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುವುದು, ಶೇಂಗಾ ಬಿಡಿಸುವುದು, ಚೌಕಾಬಾರ ಆಡುವುದು. ಹತ್ತಿರದ ಕೆಲಸ ಮಾಡಿಸಿ ಎಂದು ಡಾಕ್ಟರು ಹೇಳಿದ್ದಕ್ಕೆ ಅವರು ಕಂಡುಕೊಂಡ ಪಠ್ಯಕ್ರಮ ಇದು. ಮನಸ್ಸಿಗೆ ಬಂದಂತೆ ಹೆಚ್ಚು ಹೊತ್ತು ಕಟ್ಟಬಾರದು, ಒಳ್ಳೆಯ ಕಣ್ಣೂ ಮಂದವಾಗಬಹುದು ಎಂದು ಕೊಪ್ಪಳದ ಡಾಕ್ಟರು ಎಚ್ಚರಿಸಿದ್ದರಿಂದ, ತಾಸು ಮುಗಿದದ್ದನ್ನು ಮೊಬೈಲಿನ ಗಂಟೆ ಇಟ್ಟು ನೋಡುತ್ತಿದ್ದರು.

ಪುಟ್ಟಿಗೆ ಈಗ ಏಳೂವರೆ. ಎಡಗಣ್ಣು 6/12ಕ್ಕೆ ಬಂದಿದೆ. ಪೂರ್ತಿ ಆಗುತ್ತದೋ ಇಲ್ಲವೋ, ಡಾಕ್ಟರು ಭರವಸೆ ಕೊಟ್ಟಿಲ್ಲ. ಪಟ್ಟಿ ಬಿಟ್ಟ ವರ್ಷದೊಳಗೆ ನಾಲ್ವರಲ್ಲಿ ಒಬ್ಬರಿಗೆ ದೃಷ್ಟಿ ಮತ್ತೆ ಸ್ವಲ್ಪ ಜಾರುವುದುಂಟು, ಆದ್ದರಿಂದ ನಿಲ್ಲಿಸಿದ ಮೇಲೂ ತೋರಿಸುತ್ತಿರಬೇಕು. ಏಳು ದಾಟಿದರೆ ಮುಗಿಯಿತು ಎಂಬ ಹಳೆಯ ಮಾತೂ ಪೂರ್ತಿ ನಿಜವಲ್ಲ. ಏಳರಿಂದ ಹದಿನೇಳರವರೆಗಿನ ಮಕ್ಕಳ ಮೇಲೆ 2005ರಲ್ಲಿ ಬಂದ ಅಧ್ಯಯನದಲ್ಲಿ ದೊಡ್ಡ ಮಕ್ಕಳಲ್ಲೂ ಕೆಲವರ ಕಣ್ಣು ಸುಧಾರಿಸಿತ್ತು. ತಡವಾಯಿತೆಂದು ತೋರಿಸದೇ ಇರಬಾರದು. ಹತ್ತೊಂಬತ್ತರ ನನ್ನ ವಯಸ್ಸು ಆ ಪಟ್ಟಿಯಲ್ಲಿ ಇಲ್ಲ, ಅಷ್ಟೇ.

ಕಳೆದ ತಿಂಗಳು ಯಲಬುರ್ಗಾದಿಂದ ಹೊರಟಾಗ ಪುಟ್ಟಿ ಬಸ್ ನಿಲ್ದಾಣದವರೆಗೆ ಬಂದಿದ್ದಳು. ಎರಡು ತಾಸು ಇನ್ನೂ ಮುಗಿದಿರಲಿಲ್ಲ, ಬಲಗಣ್ಣಿನ ಮೇಲೆ ಪಟ್ಟಿ ಇತ್ತು. ಯಾರೋ ನೋಡಿ “ಕಣ್ಣಿಗೆ ಏನಾಗೇತವ್ವಾ?” ಎಂದು ಕೇಳಿದರು. ಅವ್ವ ಏನು ಹೇಳುತ್ತಾಳೋ ಎಂದು ನಾನು ಅವಳ ಮುಖ ನೋಡಿದೆ. “ಆ ಕಣ್ಣಿಗೆ ಏನೂ ಆಗಿಲ್ರಿ, ಈ ಕಣ್ಣಿಗೆ ಸಾಲಿ ಕಲಿಸಾಕತ್ತೀವಿ” ಎಂದಳು. ಅಷ್ಟರಲ್ಲಿ ಪುಟ್ಟಿ ನನ್ನ ಕೈ ಜಗ್ಗಿದಳು.

“ಚಿಗವ್ವ, ಕುಷ್ಟಗಿ ಬಸ್ ಬಂತು.”

ಬೋರ್ಡು ನನಗಿನ್ನೂ ಕಂಡಿರಲಿಲ್ಲ, ಮುಂದೆ ನಿಂತವರ ತಲೆ ಅಡ್ಡ ಇತ್ತು. ಸರಿದು ನೋಡಿದೆ. ಕುಷ್ಟಗಿಯೇ.