ಮೊಣಕಾಲಿಗೊಪ್ಪುವ ಉಡುಪು

ಉಡುಪಿನ ವಿಷಯದಲ್ಲಿ ನಮ್ಮ ಕರಾವಳಿಯ ಗಂಡಸರು ಪುಣ್ಯವಂತರು. ಭಟ್ಕಳದ ಪೇಟೆಯಲ್ಲಿ ಇಸ್ತ್ರಿಯ ಅಂಗಿಯ ಕೆಳಗೆ ಲುಂಗಿಯುಟ್ಟು ನಡೆಯುವ ವ್ಯಾಪಾರಿಯನ್ನು ಯಾರೂ ಅಶಿಸ್ತಿನವನೆನ್ನುವುದಿಲ್ಲ. ಹೊನ್ನಾವರದ ಕಡೆ ಪಂಚೆ ಎತ್ತಿ ಕಟ್ಟಿ ತೋಟಕ್ಕಿಳಿದವರು ಅದನ್ನೇ ಇಳಿಬಿಟ್ಟು ಅತಿಥಿಗಳನ್ನು ಬರಮಾಡಿಕೊಳ್ಳುತ್ತಾರೆ. ಮೈಗೆ ಹಿತ, ನೋಟಕ್ಕೆ ಮರ್ಯಾದೆ. ಇಂಥದ್ದು ಹೆಂಗಸರಿಗೆ, ಅದರಲ್ಲೂ ಅರವತ್ತು ದಾಟಿ ಮೊಣಕಾಲು ಮುಷ್ಕರ ಹೂಡಿದ ನನ್ನಂಥವರಿಗೆ, ಯಾವುದಿದೆ?

ನಾನು ಸೀರೆಯನ್ನು ದೂರುವವಳಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಅದನ್ನುಟ್ಟೇ ಪಾಠ ಹೇಳಿದ್ದೇನೆ. ಆದರೆ ಆಷಾಢದ ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ನೆರಿಗೆ ಹಿಡಿದು ಬಸ್ಸಿನ ಎತ್ತರದ ಮೆಟ್ಟಿಲು ಏರುವಾಗ ಸರಳು ಹಿಡಿಯಲು ಮೂರನೆಯ ಕೈಯನ್ನು ಎಲ್ಲಿಂದ ತರುವುದು? ಮೊಣಕಾಲಿನ ಕೀಲು ಸವೆದಿದೆಯೆಂದು ವೈದ್ಯರು ಹೇಳಿದ ಮೇಲಂತೂ ಹೊನ್ನಾವರದಿಂದ ಕುಮಟೆಗೆ ಹೋಗುವುದೂ ಅಪರೂಪವಾಯಿತು. ಬೀಳುವ ಭಯಕ್ಕೆ ಮನೆಯಲ್ಲೇ ಕುಳಿತರೆ ಕಾಲು ಇನ್ನಷ್ಟು ಬಿಗಿಯುತ್ತದೆ. ಬಿಗಿದಷ್ಟೂ ಭಯ ಹೆಚ್ಚುತ್ತದೆ.

ಆಗ ಸೊಸೆ ಒಂದು ಕಪ್ಪು ಪ್ಯಾಂಟು ತಂದುಕೊಟ್ಟಳು. ನೋಡಲು ಇಸ್ತ್ರಿ ಮಾಡಿದ ಷರಾಯಿ; ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ. ಲಾಡಿಯಿಲ್ಲ, ಗುಂಡಿಯಿಲ್ಲ, ಸೊಂಟಕ್ಕೊಂದು ಅಗಲವಾದ ಪಟ್ಟಿ. ಲೆಗಿಂಗ್ಸಿನಂತೆ ಮೈಗೆ ಅಂಟುವುದಿಲ್ಲ. ಬಟ್ಟೆ ದಪ್ಪವಾದ್ದರಿಂದ ಪಾದದವರೆಗೆ ನೇರವಾಗಿ ಇಳಿಯುತ್ತದೆ. ಮೇಲೆ ಮೊಣಕಾಲುದ್ದದ ಹತ್ತಿಯ ಕುರ್ತಾ ತೊಟ್ಟರೆ ಸಭೆ-ಸಮಾರಂಭಕ್ಕೂ ಸಲ್ಲುತ್ತದೆ.

ಕಲಿಸಿದವರಿಗೆ ಕೆದಕುವ ಚಟ ಬಿಡದಷ್ಟೆ. ಮಗ್ಗದಲ್ಲಿ ಹಾಸುಹೊಕ್ಕಾಗಿ ನೇಯ್ದ ಬಟ್ಟೆ ಹೆಚ್ಚು ಹಿಗ್ಗದು. ಸ್ವೆಟರಿನಂತೆ ಕುಣಿಕೆ ಕುಣಿಕೆಯಾಗಿ ಹೆಣೆದದ್ದು ಹಿಗ್ಗುತ್ತದೆ. ಆದರೆ ಹಿಗ್ಗಿದ್ದು ಚೆನ್ನಾಗಿ ಮರಳಲು ಸ್ಪ್ಯಾಂಡೆಕ್ಸ್ ಎಳೆ ಬೇಕು. ಅಮೆರಿಕದ ಡ್ಯುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞ ಜೋಸೆಫ್ ಶಿವರ್ಸ್ 1958ರಲ್ಲಿ ರೂಪಿಸಿದ ಈ ಎಳೆಯ ಹೆಸರಾಂತ ವ್ಯಾಪಾರನಾಮವೇ ಲೈಕ್ರಾ. ನೂರರಲ್ಲಿ ಐದು ಪಾಲಿದ್ದರೂ ಸಾಕು. ಅದಿಲ್ಲದ ಹೆಣೆದ ಪ್ಯಾಂಟಿನಲ್ಲಿ ನಾಲ್ಕು ಸಲ ಕುಕ್ಕರುಗಾಲಲ್ಲಿ ಕುಳಿತೆದ್ದರೆ ಮೊಣಕಾಲಿನ ಜಾಗ ಜೋಳಿಗೆಯಾಗುತ್ತದೆ!

ಬಟ್ಟೆಯ ಲೋಕದಲ್ಲಿ ಒಂದು ಕಾಲಕ್ಕೆ ನಮ್ಮ ಕುಮಟೆಯ ಹೆಸರೂ ಇತ್ತೆಂಬುದು ಇಲ್ಲಿ ನೆನಪಾಗುತ್ತದೆ. ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟೆಯ ಬಂದರಿನಿಂದ ಹಡಗೇರುತ್ತಿತ್ತು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಅದಕ್ಕೆ ವಿಶೇಷ ಬೇಡಿಕೆ. ಘಟ್ಟದ ಮೇಲೆ ಬೆಳೆದ ಆ ತಳಿಗೆ ಕುಮಟಾ ಹತ್ತಿಯೆಂದೇ ಹೆಸರಾಯಿತು.

ಹಿಗ್ಗುವ ಷರಾಯಿ ಪರದೇಶದ ಚಪಲವೆನ್ನುವವರು ಚೂಡಿದಾರದ ಹೊಲಿಗೆಯನ್ನು ಗಮನಿಸಬೇಕು. ಬಲ್ಲ ದರ್ಜಿ ಅದರ ಬಟ್ಟೆಯನ್ನು ಎಳೆಯ ನೇರಕ್ಕೆ ಕತ್ತರಿಸುವುದಿಲ್ಲ, ಓರೆಯಾಗಿ ಕತ್ತರಿಸುತ್ತಾನೆ. ಓರೆಯಲ್ಲಿ ಎಳೆದರೆ ನೇಯ್ದ ಹತ್ತಿಯೂ ಬಾಗಿ ಕೊಡುತ್ತದೆ. ರಾಸಾಯನಿಕ ಎಳೆ ಹುಟ್ಟುವ ಎಷ್ಟೋ ಮುಂಚೆ ನಮ್ಮ ದೇಶದ ದರ್ಜಿಗಳು ಕತ್ತರಿಯಿಂದಲೇ ಸಾಧಿಸಿದ ಹಿಗ್ಗು ಅದು.

ಮೊದಲ ದಿನ ಬಸ್ಸಿನಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು, “ಅಕ್ಕೋರೇ, ನೀವೂ ಪ್ಯಾಂಟು ಹಾಕಿದ್ರಾ?” ಎಂದು ನಕ್ಕಳು. ಮರುಕ್ಷಣವೇ ಬಟ್ಟೆ ಮುಟ್ಟಿ ನೋಡಿ, ತನ್ನ ತಾಯಿಗೊಂದು ಬೇಕೆಂದು ಅಳತೆ ಕೇಳಿದಳು. ನೆರೆಯ ಹಿರಿಯರೊಬ್ಬರು ಮಾತ್ರ, “ಅಕ್ಕೋರಿಗೆ ಇದು ಶೋಭೆಯೇ?” ಎಂದರು. ಹಾಗೆನ್ನುವಾಗ ಅವರ ಪಂಚೆ ಮೊಣಕಾಲಿನ ಮೇಲಿತ್ತು. ನಾನು ಉತ್ತರಿಸಲಿಲ್ಲ, ನೋಡಿದೆ ಅಷ್ಟೆ.

ಕಳೆದ ಚಳಿಗಾಲದಲ್ಲಿ ಯಾಣದ ಮೆಟ್ಟಿಲುಗಳನ್ನು ನಿಂತು ನಿಂತು ಹತ್ತಿ, ಭೈರವೇಶ್ವರ ಶಿಖರದ ಬುಡದಲ್ಲಿ ಬಹಳ ಹೊತ್ತು ಕುಳಿತೆ. ಇನ್ನೆಂದೂ ಆ ಕಪ್ಪು ಬಂಡೆಯನ್ನು ಕಾಣಲಾರೆನೆಂದುಕೊಂಡಿದ್ದೆ. ಮೊಣಕಾಲಿನ ನೋವನ್ನು ಪ್ಯಾಂಟು ವಾಸಿಮಾಡಿತೆಂದಲ್ಲ. ಅದಕ್ಕೆ ವ್ಯಾಯಾಮವೇ ಬೇಕು. ಆದರೆ ಎರಡೂ ಕೈಗಳು ಬಿಡುವಾಗಿದ್ದವು, ಕಾಲಿಗೆ ಏನೂ ತೊಡರಲಿಲ್ಲ.

ಕೊಳ್ಳುವವರಿಗೊಂದು ಮಾತು: ಬಿಸಿನೀರು, ಬ್ಲೀಚಿಂಗ್ ಪುಡಿ, ಕಾದ ಇಸ್ತ್ರಿಪೆಟ್ಟಿಗೆ ಇವು ಮೂರೂ ಆ ಎಳೆಗೆ ವೈರಿಗಳು. ತಣ್ಣೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಿ. ಮದುವೆಗಳಿಗೆ ನಾನು ಈಗಲೂ ಸೀರೆಯನ್ನೇ ಉಡುತ್ತೇನೆ. ಉಳಿದ ದಿನಗಳಿಗೆಂದು ಕಡುನೀಲಿಯ ಇನ್ನೊಂದು ಪ್ಯಾಂಟನ್ನು ತರಿಸಿಕೊಂಡಿದ್ದೇನೆ.